ಆಮೆ ಮೈ ಚಾಚಿದಾಗ

ಆಮೆ ಎಂದೊಡನೆ ಕಣ್ಣಿಗೆ ಕಟ್ಟುವುದು ಕೈಕಾಲು, ಕತ್ತುಗಳನ್ನೆಲ್ಲ ಚಿಪ್ಪಿನೊಳಕ್ಕೆ ಎಳೆದುಕೊಂಡು ಕುಳಿತ ಜೀವ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಆಮೆಯ ಹೋಲಿಕೆ ಬಂದಿರುವುದೂ ಈ ಗುಣಕ್ಕಾಗಿಯೇ. ಆದರೆ ಆಮೆಯ ಜೊತೆ ಒಂದೇ ಮನೆಯಲ್ಲಿ ಬಾಳಿದವರಿಗೆ ಅದರ ಇನ್ನೊಂದು ಮುಖ ಗೊತ್ತು. ಅದು ಒಳಸೇರುವುದು ಹೆದರಿದಾಗ, ನಿದ್ದೆಗೆ ಜಾರಿದಾಗ. ಅದರ ಸುಖವೆಲ್ಲ ಇರುವುದು ಹೊರಚಾಚುವುದರಲ್ಲಿ.

ಬೆಂಗಳೂರಿನ ನಮ್ಮ ಮನೆಯಲ್ಲಿರುವುದು ರೆಡ್ ಇಯರ್ಡ್ ಸ್ಲೈಡರ್ ಜಾತಿಯ ಹೆಣ್ಣಾಮೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ. ಇದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು. ಊರು ಬಿಟ್ಟು ಹೊರಟ ನೆರೆಯವರು ಬಿಟ್ಟುಹೋದ ಈ ಜೀವಕ್ಕೆ ಮಕ್ಕಳು ಚಿನ್ನಿ ಎಂದು ಹೆಸರಿಟ್ಟರು. ನಮ್ಮ ನೆಲದ ಆಮೆಗಳನ್ನು, ಅದು ನಕ್ಷತ್ರ ಆಮೆಯೇ ಇರಲಿ, ಕೆರೆಯ ಆಮೆಯೇ ಇರಲಿ, ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವನ್ನು ಕಾಯುತ್ತಿದೆ, ಕಾಯಲೇಬೇಕು.

ಬೆಳಿಗ್ಗೆ ಚಿನ್ನಿಯನ್ನು ನೋಡುವುದೇ ನನ್ನ ದೊಡ್ಡ ಖುಷಿ. ಮೊದಲು ನೀರಿನ ಮೇಲೆ ಮೂಗು ಮಾತ್ರ. ಆಮೇಲೆ ತಲೆ. ಸುತ್ತ ಯಾರೂ ಓಡಾಡುತ್ತಿಲ್ಲ ಎಂದು ಖಾತ್ರಿಯಾದರೆ ಮುಂಗಾಲಿನ ಉಗುರು ಕಲ್ಲಿಗೆ ತಗಲುತ್ತದೆ, ಒಂದು ಎಳೆತಕ್ಕೆ ಭಾರದ ಮೈ ಕಟ್ಟೆಯ ಮೇಲೆ. ಹತ್ತಿದ ಕೂಡಲೇ ಮೈ ಬಿಡುವುದಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತು, ಚಿಪ್ಪಿನ ನೀರು ಇಳಿದ ಮೇಲೆ ಕತ್ತು ಉದ್ದವಾಗುತ್ತದೆ. ಹಿಂಗಾಲೆರಡೂ ಹಿಂದಕ್ಕೆ ನೀಳವಾಗಿ ಚಾಚಿಕೊಳ್ಳುತ್ತವೆ, ಬೆರಳುಗಳ ನಡುವಿನ ಜಾಲಪೊರೆ ಪೂರಾ ಬಿಚ್ಚಿಕೊಳ್ಳುತ್ತದೆ, ಕಣ್ಣು ಮುಚ್ಚುತ್ತದೆ. ಮಾಗಿಯ ಬೆಳಿಗ್ಗೆ ಜಗಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಅಜ್ಜಿಯರ ಮುಖದಲ್ಲಿ ಕಾಣುವ ನೆಮ್ಮದಿಯೇ ಅಲ್ಲೂ ಕಾಣುತ್ತದೆ.

ಈ ಚಾಚುವಿಕೆ ಬರಿಯ ಸೋಮಾರಿತನವಲ್ಲ, ದಿನದ ಬಹುಮುಖ್ಯ ಕೆಲಸ. ತನಗೆ ಬೇಕಾದಷ್ಟು ಶಾಖವನ್ನು ಆಮೆಯ ಮೈ ತಾನೇ ಹುಟ್ಟಿಸಿಕೊಳ್ಳಲಾರದು. ಸುತ್ತಲಿನ ನೀರು, ಗಾಳಿ, ಕಲ್ಲು ಕೊಟ್ಟಷ್ಟೇ ಅದರ ಪಾಲಿಗೆ. ತಂಪಿನಲ್ಲಿ ತಿಂದದ್ದು ಅರಗುವುದಿಲ್ಲ, ಹಸಿವೂ ಸತ್ತುಹೋಗುತ್ತದೆ. ಕಾಲು ಚಾಚಿದಷ್ಟೂ ಬಿಸಿಲು ತಾಗುವ ಚರ್ಮ ಹೆಚ್ಚುತ್ತದೆ. ಒಳಗೆ ನಡೆಯುವುದು ಇನ್ನೂ ಸೊಗಸು: ಕಾಯುವಾಗ ಎದೆಬಡಿತ ಚುರುಕಾಗುತ್ತದೆ, ನೀರಿಗಿಳಿದು ತಣಿಯುವಾಗ ನಿಧಾನಿಸುತ್ತದೆ. ಹೀಗಾಗಿ ಮೈ ಬೇಗ ಬಿಸಿಯಾಗಿ, ಪಡೆದ ಬಿಸಿಯನ್ನು ತಡೆದು ತಡೆದು ಬಿಟ್ಟುಕೊಡುತ್ತದೆ. ಇಷ್ಟು ಅಚ್ಚುಕಟ್ಟಾಗಿ ಶಾಖ ಉಳಿಸುವ ಜೀವವನ್ನು ಮಂದ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬಿಸಿಲಿನಲ್ಲಿ ಶಾಖದ ಜೊತೆಗೆ ಇನ್ನೊಂದು ಕೊಡುಗೆಯಿದೆ. ನೇರಳಾತೀತ ಕಿರಣಗಳಲ್ಲಿ ಯುವಿಬಿ ಎಂಬ ಭಾಗ ಚರ್ಮಕ್ಕೆ ತಾಗಿದರೆ ಅಲ್ಲಿ ಡಿ3 ಜೀವಸತ್ವ ಹುಟ್ಟುತ್ತದೆ. ಅದಿಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ. ಚಿಪ್ಪೆಂದರೆ ಬೆನ್ನುಮೂಳೆ, ಪಕ್ಕೆಲುಬುಗಳೇ ಅಗಲವಾಗಿ ಬೆಸೆದುಕೊಂಡ ಮೂಳೆ. ಸುಣ್ಣದಂಶ ಸಾಲದಾದರೆ ಆ ಗಟ್ಟಿ ಚಿಪ್ಪೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ಕಿಟಕಿಯ ಗಾಜು ಯುವಿಬಿಯನ್ನು ಬಹುಪಾಲು ತಡೆದುಬಿಡುತ್ತದೆ. ಆದ್ದರಿಂದ ಕಿಟಕಿಯ ಪಕ್ಕದಲ್ಲಿಟ್ಟರೆ ಸಾಕು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗಾಜಿನ ತೊಟ್ಟಿಯನ್ನೇ ನೇರ ಬಿಸಿಲಿಗಿಟ್ಟರಂತೂ ನೀರು ವಿಪರೀತ ಕಾದು ಪ್ರಾಣಕ್ಕೇ ಕುತ್ತು.

ಮನೆಯೊಳಗಿನ ನಮ್ಮ ಏರ್ಪಾಡು ಸರಳ. ತೊಟ್ಟಿಯ ನೀರಿಗೆ ಜಾಲರಿ ಹೊದಿಸಿದ ಹೀಟರ್. ನೀರು 25 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಒಂದು ಬದಿಗೆ ಚಪ್ಪಡಿ ಕಲ್ಲಿನ ಕಟ್ಟೆ, ಅದರ ಮೇಲೆ ಶಾಖದ ಬಲ್ಬು, ಪಕ್ಕದಲ್ಲಿ ಯುವಿಬಿ ದೀಪ. ಕಲ್ಲಿನ ಮೇಲೆ 32 ಡಿಗ್ರಿಯಷ್ಟು ಇರಬೇಕು. ಇದನ್ನು ಕೈಯಿಟ್ಟು ಅಂದಾಜು ಮಾಡದೆ ಥರ್ಮಾಮೀಟರಿನಲ್ಲೇ ನೋಡುತ್ತೇನೆ. ಯುವಿಬಿ ದೀಪ ಕಣ್ಣಿಗೆ ಚೆನ್ನಾಗಿಯೇ ಉರಿಯುತ್ತಿದ್ದರೂ ಅದರ ಯುವಿಬಿ ಸತ್ವ ತಿಂಗಳುಗಳು ಉರುಳಿದಂತೆ ಇಳಿಯುತ್ತದೆ, ಕಾಲಕಾಲಕ್ಕೆ ಬದಲಿಸಲೇಬೇಕು. ರಾತ್ರಿ ದೀಪವೆಲ್ಲ ಆರುತ್ತದೆ. ಕತ್ತಲೆಯೂ ಆಮೆಗೆ ಬೇಕು.

ಆದರೆ ನಿಜವಾದ ಬಿಸಿಲಿಗೆ ಯಾವ ದೀಪವೂ ಸಮವಲ್ಲ. ರಜೆಯ ದಿನ ತಾರಸಿಯ ಮೇಲೆ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ನಡುವೆ ಕಲ್ಲು, ಅರ್ಧಕ್ಕೆ ನೆರಳಿನ ಹಲಗೆ. ಹದ್ದು ಕಾಗೆಗಳ ಕಾಟಕ್ಕೆ ಮೇಲೊಂದು ಬಲೆ. ನೆರಳು ಕಡ್ಡಾಯ, ಏಕೆಂದರೆ ಸಾಕಾದಾಗ ಎದ್ದುಹೋಗುವ ಸ್ವಾತಂತ್ರ್ಯವಿದ್ದರೆ ಮಾತ್ರ ಆಮೆ ತನ್ನ ಶಾಖವನ್ನು ತಾನೇ ಹದ ಮಾಡಿಕೊಳ್ಳುತ್ತದೆ. ಬಿಸಿಲಲ್ಲಿ ಒಣಗಿ ಒಣಗಿ ಚಿಪ್ಪಿನ ಬಿಲ್ಲೆಗಳ ಮೇಲಿನ ತೆಳುಪದರ ಅಂಚಿನಲ್ಲಿ ಎದ್ದು, ಪಾರದರ್ಶಕವಾಗಿ ಕಳಚಿ ಬೀಳುವುದನ್ನು ನೋಡಬೇಕು! ಪಾಚಿ, ಬೂಷ್ಟು ಮೈಗೆ ಅಂಟದಿರುವುದೂ ಈ ಒಣಗುವಿಕೆಯಿಂದಲೇ.

ಬೆಂಗಳೂರಿನಲ್ಲಿ ಎಲ್ಲರೂ ಅಂಜುವುದು ಡಿಸೆಂಬರಿನ ಚಳಿಗೆ. ನನಗೆ ಆಷಾಢವೇ ಹೆಚ್ಚು ಚಿಂತೆ ತರುವ ಕಾಲ. ಪುಷ್ಯದಲ್ಲಿ ರಾತ್ರಿ ಎಷ್ಟೇ ಕೊರೆದರೂ ಹಗಲು ಬಿಸಿಲು ತಪ್ಪುವುದಿಲ್ಲ. ಆಷಾಢದ ಮೋಡ, ಜಿಟಿಜಿಟಿ ಮಳೆ, ತೇವದ ಗಾಳಿಯಲ್ಲಿ ಚಿಪ್ಪು ಒಣಗುವುದೇ ಇಲ್ಲ. ಜೊತೆಗೆ ಕರೆಂಟು ಕೈಕೊಟ್ಟರೆ ಕಲ್ಲೂ ತಣ್ಣಗೆ. ಆಗ ನಾನು ಚಿನ್ನಿಯ ನಡವಳಿಕೆಯನ್ನು ಇನ್ನಷ್ಟು ಗಮನವಿಟ್ಟು ಓದುತ್ತೇನೆ. ದಿನವಿಡೀ ಕಟ್ಟೆ ಬಿಟ್ಟು ಇಳಿಯದಿದ್ದರೆ ನೀರು ತಣ್ಣಗಾಗಿರಬಹುದು, ಇಲ್ಲವೆ ಮೈಗೆ ಹುಷಾರಿಲ್ಲದಿರಬಹುದು. ಹತ್ತಲೇ ಇಲ್ಲವೆಂದರೆ ನೀರೇ ಅತಿ ಬೆಚ್ಚಗಾಗಿದೆ, ಅಥವಾ ಏನನ್ನೋ ಕಂಡು ಹೆದರಿದೆ. ಮೂಗಿನಲ್ಲಿ ಗುಳ್ಳೆ ಬಂದರೆ, ಈಜುವಾಗ ಒಂದೇ ಕಡೆಗೆ ವಾಲಿದರೆ ತಡಮಾಡದೆ ಪಶುವೈದ್ಯರಲ್ಲಿಗೆ. ಮಾತಿಲ್ಲದ ಜೀವ ಎಲ್ಲಿ ಕೂರುತ್ತದೆ, ಎಷ್ಟು ಹೊತ್ತು ಕೂರುತ್ತದೆ ಎನ್ನುವುದರಲ್ಲೇ ಎಲ್ಲವನ್ನೂ ಹೇಳುತ್ತದೆ.

ಸಾಕಲಾರದೆ ಬೇಸತ್ತವರು ಈ ಆಮೆಗಳನ್ನು ಕೆರೆಗೆ ಬಿಡುವುದನ್ನು ಕೇಳಿದರೆ ಸಂಕಟವಾಗುತ್ತದೆ. ಜಗತ್ತಿನ ಅತ್ಯಂತ ಹಾನಿಕರ ದಾಳಿಕೋರ ಜೀವಿಗಳ ನೂರರ ಪಟ್ಟಿಯಲ್ಲಿ ಇದರ ಹೆಸರಿದೆ. ಕೆರೆಯಲ್ಲಿ ಬಿಸಿಲಿಗೆ ಸಿಗುವ ಕೊಂಬೆ, ಬಂಡೆಗಳು ಕೆಲವೇ; ಅವುಗಳ ಮೇಲಿಂದ ಊರಿನ ಆಮೆಗಳನ್ನು ಇದು ತಳ್ಳಿ ತಾನು ಕೂರುತ್ತದೆ. ತಂದವರೇ ಕೊನೆತನಕ ನೋಡಿಕೊಳ್ಳಬೇಕು, ಆ ಕೊನೆ ಎರಡು ಮೂರು ದಶಕ ದೂರವಿದ್ದರೂ.

ಆಮೆ ತನ್ನ ಮೊಟ್ಟೆಗಳನ್ನು ದೂರದಿಂದಲೇ ನೆನೆನೆನೆದು ಮರಿ ಮಾಡುತ್ತದೆ ಎಂಬ ಹಳೆಯ ನಂಬಿಕೆ ನಮ್ಮಲ್ಲಿದೆ. ನಿಜಕ್ಕೂ ಅವುಗಳಿಗೆ ಕಾವು ಕೊಡುವುದು ಬಿಸಿಲುಂಡ ಮಣ್ಣು. ಮರಿ ಹೆಣ್ಣೋ ಗಂಡೋ ಎನ್ನುವುದೂ ಆ ಕಾವಿನಿಂದಲೇ ತೀರ್ಮಾನವಾಗುತ್ತದೆ: ಮಣ್ಣು ಬೆಚ್ಚಗಿದ್ದರೆ ಹೆಣ್ಣು, ತಂಪಿದ್ದರೆ ಗಂಡು. ಗಂಡಿನ ಜೊತೆಯಿಲ್ಲದೆಯೂ ಹೆಣ್ಣಾಮೆ ಮೊಟ್ಟೆಯಿಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ. ಅಗೆಯಲು ಮಣ್ಣು ಸಿಗದಿದ್ದರೆ ಮೊಟ್ಟೆಗಳು ಹೊಟ್ಟೆಯಲ್ಲೇ ಉಳಿದು ತೊಂದರೆ ಕೊಡುತ್ತವೆ. ಚಿನ್ನಿ ಈಚೆಗೆ ಕಟ್ಟೆಯ ಮೂಲೆಯನ್ನು ಹಿಂಗಾಲಿನಿಂದ ಕೆರೆಯತೊಡಗಿದೆ. ತಾರಸಿಯ ಪೂರ್ವದ ಮೂಲೆಯಲ್ಲಿ, ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ, ಮರಳು ಬೆರೆಸಿದ ಮಣ್ಣಿನ ಪಾತಿಯೊಂದನ್ನು ಕಟ್ಟುತ್ತಿದ್ದೇನೆ. ಹಿಂಗಾಲು ಚಾಚಿದಷ್ಟೂ ಅಗೆಯಲು ಸಿಗುವಷ್ಟು ಆಳಕ್ಕೆ.