ಸ್ಟಾಂಪಿನ ಹಿಂದುಮುಂದು

1
1937ರಲ್ಲಿ ಆರನೇ ಜಾರ್ಜನ ಹೆಸರಿನಲ್ಲಿ ಹೊರಟ ಭಾರತದ ಸ್ಟಾಂಪು ಸರಣಿ. ಎರಡಾಣೆಯ ಸ್ಟಾಂಪಿನಲ್ಲಿ ಓಡುವ ಅಂಚೆಯಾಳು. ಎರಡೂವರೆ ಆಣೆಗೆ ಎತ್ತಿನ ಗಾಡಿ. ಮೂರಕ್ಕೆ ಟಾಂಗಾ, ಮೂರೂವರೆಗೆ ಒಂಟೆ, ನಾಲ್ಕಕ್ಕೆ ರೈಲು, ಆರಕ್ಕೆ ಹಡಗು, ಎಂಟಕ್ಕೆ ಲಾರಿ, ಹನ್ನೆರಡಕ್ಕೆ ವಿಮಾನ.

ಎಲ್ಲರಿಗಿಂತ ಅಗ್ಗ, ಓಡುವವನು. ಒಂಟೆಗೂ ರೈಲಿಗೂ ಅರ್ಧಾಣೆ ಅಂತರ. ಲಾರಿಯ ಬೆಲೆ ರೈಲಿನ ಎರಡರಷ್ಟು. ಯಾರು ಹಾಕಿದ ಲೆಕ್ಕವೋ. ದೊರೆಯ ಮುಖ ಮಾತ್ರ ಎಲ್ಲದರಲ್ಲೂ ಇದೆ.

2
1911ರ ಫೆಬ್ರವರಿ 18. ಅಲಹಾಬಾದಿನಿಂದ ಆನ್ರಿ ಪೆಕೆ ಎಂಬ ಫ್ರೆಂಚ್ ಪೈಲಟ್ ಸುಮಾರು 6,500 ಕಾಗದ ಹೊತ್ತು ಯಮುನೆಯ ಆಚೆ ನೈನಿಗೆ ಹಾರಿದ. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ. ಹಾರಾಟ ಹದಿಮೂರು ನಿಮಿಷ. ನೈನಿಯಿಂದ ಮುಂದಕ್ಕೆ ಎಂದಿನ ದಾರಿ.

3
ಬ್ರಿಟನ್ನಿನ ಸ್ಟಾಂಪಿನಲ್ಲಿ ದೇಶದ ಹೆಸರು ಇರುವುದಿಲ್ಲ.

4
1948ರ ಆಗಸ್ಟ್ 15ರ ಗಾಂಧಿ ಸ್ಟಾಂಪು. ಹಿಂದಿ, ಉರ್ದು ಎರಡರಲ್ಲೂ 'ಬಾಪು'. ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಅತಿ ದೊಡ್ಡ ಬೆಲೆಯದು ಹತ್ತು ರೂಪಾಯಿ. ಗವರ್ನರ್ ಜನರಲ್ಲರ ಕಚೇರಿಗೆಂದು ಅದರ ನೂರು ಪ್ರತಿಗಳ ಮೇಲೆ 'ಸರ್ವಿಸ್' ಎಂದು ಒತ್ತಿದರು. ಈಗ ಹರಾಜಿನಲ್ಲಿ ಅವುಗಳ ಬೆಲೆ ಕೇಳಿದರೆ ಸೈಟು, ಮನೆ ನೆನಪಾಗುತ್ತವೆ.

ಖಾದಿ ಬಟ್ಟೆಯ ಸ್ಟಾಂಪಿನ ಮೇಲೆ ಗಾಂಧಿ ಬಂದದ್ದು 2011ರಲ್ಲಿ.

5
1949ರ ಒಂದಾಣೆ ಸ್ಟಾಂಪಿನ ಬೋಧಿಸತ್ವ ಎಡಬಲ ಅದಲುಬದಲಾಗಿ ಅಚ್ಚಾಗಿದ್ದ. ಮರುವರ್ಷ ತಿದ್ದಿದರು. ಅದೇ ಸರಣಿಯಲ್ಲಿ ಬಿಜಾಪುರದ ಗೋಲಗುಮ್ಮಟವೂ ಇದೆ. ಗುಮ್ಮಟ ಹಾಗೆ ತಿರುಗಿದ್ದರೆ ಎಷ್ಟು ಜನ ಗಮನಿಸುತ್ತಿದ್ದರೋ.

6
1960ರ ಸೆಪ್ಟೆಂಬರ್ 15. ವಿಶ್ವೇಶ್ವರಯ್ಯನವರಿಗೆ ನೂರು ತುಂಬಿತೆಂದು 15 ನಯೇ ಪೈಸೆಯ ಸ್ಟಾಂಪು. ಅವರಿನ್ನೂ ಬದುಕಿದ್ದರು. ತಮ್ಮದೇ ಮುಖ ಅಂಟಿಸಿ ಯಾರಿಗಾದರೂ ಕಾಗದ ಬರೆದರೇ? ಪೋಸ್ಟಾಫೀಸಿನಲ್ಲಿ ಸೀಲು ಹೊಡೆಯುವವನಿಗೆ ಎಲ್ಲ ಮುಖವೂ ಒಂದೇ.

ಹಲವು ಪುಸ್ತಕಗಳು ಅವರು ಹುಟ್ಟಿದ್ದು 1861ರಲ್ಲಿ ಎನ್ನುತ್ತವೆ. ಸ್ಟಾಂಪಿನ ಲೆಕ್ಕದಲ್ಲಿ 1860.

7
1971. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದರು. ಅವರ ನೆರವಿಗೆಂದು ನವೆಂಬರಿನಿಂದ ಕಾಗದಕ್ಕೆ ಐದು ಪೈಸೆಯ ಇನ್ನೊಂದು ಸ್ಟಾಂಪು ಅಂಟಿಸಬೇಕಾಯಿತು. ಹೊಸದು ಅಚ್ಚಾಗುವವರೆಗೆ ಕಾಯಲು ಪುರಸೊತ್ತಿರಲಿಲ್ಲ. ಇದ್ದ ಐದು ಪೈಸೆಯ ಸ್ಟಾಂಪಿನ ಮೇಲೆಯೇ 'ರೆಫ್ಯೂಜಿ ರಿಲೀಫ್' ಎಂದು ಒತ್ತಿದರು.

ಆ ಸ್ಟಾಂಪು ಕುಟುಂಬ ಯೋಜನೆಯದು. ಚಿಕ್ಕ ಸಂಸಾರ, ಅದರ ಮೇಲೆ ಕಪ್ಪು ಅಕ್ಷರ.

ಪಾಕಿಸ್ತಾನದೊಂದಿಗಿನ ಯುದ್ಧ ಮುಗಿದದ್ದು ಅದೇ ಡಿಸೆಂಬರಿನಲ್ಲಿ. ಐದು ಪೈಸೆ 1973ರವರೆಗೂ ನಡೆಯಿತು. ಆ ಕಾಲದ ಮದುವೆ ಕರೆಯೋಲೆಯ ಲಕೋಟೆ, ಬ್ಯಾಂಕಿನ ನೋಟೀಸು, ಯಾವುದನ್ನು ತೆಗೆದರೂ ನಿರಾಶ್ರಿತರ ಸ್ಟಾಂಪು ಸಿಕ್ಕೀತು.

8
ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಶಿಬಿರಗಳಲ್ಲಿ ಇಟ್ಟಿದ್ದರು. ಅವರು ಮನೆಗೆ ಬರೆದ ಕಾಗದಗಳ ಮೇಲೆ ಸ್ಟಾಂಪಿಲ್ಲ. ಯುದ್ಧಕೈದಿಯ ಕಾಗದಕ್ಕೆ ಅಂಚೆವೆಚ್ಚ ಇಲ್ಲ. ಬದಲಿಗೆ ಸೆನ್ಸಾರಿನ ಮುದ್ರೆಗಳು.

9
ನಮ್ಮಲ್ಲಿ ಮೂಲೆಗೆ ಅರಿಸಿನ ಹಚ್ಚಿದ ಕಾಗದ ಬಂದರೆ ಶುಭ. ಮೂಲೆ ಹರಿದ ಕಾರ್ಡು ಬಂದರೆ ಸಾವು. ಓದು ಬಾರದವರಿಗೂ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಪೋಸ್ಟ್‌ಮ್ಯಾನಿಗೆ ಇನ್ನೂ ಮೊದಲೇ.

10
ಹುಡುಗರು ಲಕೋಟೆಯ ಮೂಲೆ ಕತ್ತರಿಸಿ ನೀರಲ್ಲಿ ನೆನೆಹಾಕುತ್ತಿದ್ದರು. ಸ್ಟಾಂಪು ಬಿಟ್ಟುಕೊಳ್ಳುತ್ತಿತ್ತು. ಅದನ್ನು ಪುಸ್ತಕದ ನಡುವೆ ಒಣಗಿಸಿ ಆಲ್ಬಮ್ಮಿಗೆ. ಲಕೋಟೆ ಒಲೆಗೆ. ಊರು, ತಾರೀಖು, ಬರೆದವರ ಅಕ್ಷರ ಅದರೊಂದಿಗೇ ಹೋಯಿತು. ಈಗ ಸಂಗ್ರಾಹಕರು ಹುಡುಕುವುದು ಇಡೀ ಲಕೋಟೆಯನ್ನು.

2006ರ ಡಿಸೆಂಬರಿನಲ್ಲಿ ಶ್ರೀಗಂಧದ ಪರಿಮಳದ ಸ್ಟಾಂಪು ಬಂತು. ವಾಸನೆ ಹೋಗದಿರಲೆಂದು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಡುತ್ತಾರೆ. ಮೂಸುವುದು ಯಾವಾಗ?

11
ಡೊನಾಲ್ಡ್ ಇವಾನ್ಸ್, ಅಮೆರಿಕದ ಚಿತ್ರಕಾರ. ಇಲ್ಲದ ದೇಶಗಳನ್ನು ಕಲ್ಪಿಸಿ ಜಲವರ್ಣದಲ್ಲಿ ಅವುಗಳ ಸ್ಟಾಂಪು ಬರೆದ. ದೇಶಗಳು 42. ಅಂಚಿನ ತೂತುಗಳ ಸಾಲಿಗೆ ಟೈಪ್‌ರೈಟರಿನ ಪೂರ್ಣವಿರಾಮದ ಕೀಲಿ ಒತ್ತುತ್ತಿದ್ದ. ರಬ್ಬರು ಕೆತ್ತಿ ಮುದ್ರೆ ಮಾಡಿ ಕೆಲವಕ್ಕೆ ಸೀಲೂ ಹೊಡೆದ. ಅಂದರೆ ಯಾರೋ ಅಲ್ಲಿಂದ ಕಾಗದ ಬರೆದಿದ್ದಾರೆ. 1977ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಬೆಂಕಿಯೊಂದರಲ್ಲಿ ಸತ್ತಾಗ ವಯಸ್ಸು 31.

12
ಅದೇ 1977. ಕ್ಲೆಮೆಂಟೆ ಪದೀನ್ ಎಂಬ ಕಲಾವಿದನನ್ನು ಉರುಗ್ವೆಯ ಸರ್ವಾಧಿಕಾರಿ ಸರ್ಕಾರ ಜೈಲಿಗೆ ಹಾಕಿತು. ಕಾರಣ ಅವನು ಅಂಚೆಯಲ್ಲಿ ಕಳಿಸುತ್ತಿದ್ದ ಕಲೆ. ಅವನನ್ನು ಬಿಡಬೇಕೆಂದು ಬೇರೆ ಬೇರೆ ದೇಶಗಳ ಕಲಾವಿದರು ಕಾಗದ ಬರೆದರು. ಅವೂ ಅಂಚೆಯಲ್ಲೇ ಹೋದವು.