ಕೊನೇ ಸಾಲಿನ ಸಾರು

ಇವತ್ತು ಬೆಳಿಗ್ಗೆ ಅಣ್ಣನ ಮಗಳು ಬ್ಯಾಗು ತುಂಬಿಕೊಳ್ಳುತ್ತಿದ್ದಳು. ಕಾಲೇಜಿನವರು ನಡೆಸುವ ನಾಯಕತ್ವ ತರಬೇತಿ ಶಿಬಿರಕ್ಕೆ ಹೊರಟಿದ್ದಾಳೆ. ಎರಡು ಜೊತೆ ಬಿಳಿ ಬಟ್ಟೆ, ಟಾರ್ಚು, ಹೊದಿಕೆ, ತಟ್ಟೆ, ಲೋಟ ಎಂದು ಪಟ್ಟಿ ಓದುತ್ತಾ ಓದುತ್ತಾ ಮುಖ ಸಣ್ಣಗಾಯಿತು. “ಬೆಳಿಗ್ಗೆ ಐದಕ್ಕೇ ಸೀಟಿ ಹೊಡೀತಾರಂತೆ ಚಿಗಪ್ಪ. ಫೋನೂ ಇಸ್ಕಂತಾರಂತೆ. ಮೂರು ತಾಸು ಶ್ರಮದಾನ ಅಂತೆ.” ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು: “ಊಟದ್ದೇನು ಚಿಂತಿಲ್ಲ ಬಿಡು. ಕಾಂಟ್ರಾಕ್ಟ್ ಕೊಟ್ಟಾರಂತೆ, ಬಫೆ ಐತಂತೆ.”

ನನಗೆ ಕಸಿವಿಸಿಯಾದದ್ದು ಆ ಕೊನೇ ಮಾತಿಗೆ. ಅವಳು ಬಸ್ಸು ಹತ್ತಿ ಹೋದ ಮೇಲೂ ಅದು ತಲೆಯಿಂದ ಇಳಿಯಲಿಲ್ಲ.

ಐದಕ್ಕೆ ಏಳುವುದರ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ನಮ್ಮ ದೇಶನೂರಲ್ಲಿ ನಾಟಿ ಕಾಲದಲ್ಲಿ ಹೆಣ್ಣುಮಕ್ಕಳು ಅಷ್ಟು ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಗದ್ದೆ ಕಡೆ ಹೊರಟಿರುತ್ತಾರೆ. ಕವಾಯತು, ಯೋಗ, ಚರಂಡಿ ಎತ್ತುವುದು, ಮಧ್ಯಾಹ್ನ ತೂಕಡಿಸುತ್ತಾ ಕೇಳುವ ಉಪನ್ಯಾಸ, ಎಲ್ಲವೂ ಇರಬೇಕಾದ್ದೇ. ವೇದಿಕೆ ಹತ್ತಿ ಮಾತಾಡಲು ಕಲಿಸುತ್ತಾರೆ, ಒಳ್ಳೆಯದು. ಆದರೆ ಶಿಬಿರದಲ್ಲಿ ನಾಯಕತ್ವ ಅಂತ ಒಂದು ಕಲಿಯುವುದಿದ್ದರೆ ಅದು ಊಟದ ಸಾಲಿನಲ್ಲಿ, ಕೈಯಲ್ಲಿ ಸಾರಿನ ಬಕೆಟ್ಟು ಹಿಡಿದು ಬಗ್ಗಿ ನಡೆಯುವಾಗ. ಅದನ್ನೇ ಕಾಂಟ್ರಾಕ್ಟಿಗೆ ಕೊಟ್ಟರೆ ಉಳಿದದ್ದು ಏನು?

ನಾನು ಕಾಲೇಜಿನಲ್ಲಿದ್ದಾಗ ಹೋದ ಎನ್ನೆಸ್ಸೆಸ್ ಶಿಬಿರದಲ್ಲಿ ದಿನಕ್ಕೊಂದು ತಂಡ ಬಡಿಸಬೇಕಿತ್ತು. ಶಾಲೆಯ ಪಡಸಾಲೆಯಲ್ಲಿ ಎದುರುಬದುರು ಎರಡು ಸಾಲು. ಅಡುಗೆ ಮಾಡುತ್ತಿದ್ದ ಅಜ್ಜ ಬಕೆಟ್ಟು ಕೊಡುವ ಮೊದಲು ಸೌಟನ್ನು ನಮ್ಮ ಕೈಗಿತ್ತು ಹೇಳುತ್ತಿದ್ದ: “ಪ್ರತಿಸಲ ತಳಕ್ಕ ಹಾಕಿ ಎತ್ತಬೇಕಪ್ಪ. ಮ್ಯಾಲಿನ ತಿಳಿ ಮೊದಲ ಕುಂತೋರಿಗೆ ಹೋದ್ರ, ಬ್ಯಾಳಿ ಎಲ್ಲಾ ಕೊನಿಗೆ ಉಳೀತೈತಿ. ಅದು ನ್ಯಾಯ ಅಲ್ಲ.” ಕೇಳಲು ಸುಲಭ. ಬಿಸಿ ಬಕೆಟ್ಟಿನ ಹಿಡಿಕೆ ಅಂಗೈ ಕೊಯ್ಯುತ್ತಿರುತ್ತದೆ, ಸೊಂಟ ಹಿಡಿದುಕೊಂಡಿರುತ್ತದೆ, ನಲವತ್ತು ತಟ್ಟೆ ಒಟ್ಟಿಗೆ ಕಾಯುತ್ತಿರುತ್ತವೆ. ಒಬ್ಬೊಬ್ಬರಿಗೂ ತಳದಿಂದ ಕಲಕಿ, ಅಷ್ಟೇ ಬೇಳೆ, ಅಷ್ಟೇ ಬದನೆಕಾಯಿ ಬರುವ ಹಾಗೆ ಎತ್ತಬೇಕು. ಗೆಳೆಯನ ತಟ್ಟೆ ಬಂದಾಗ ಸೌಟು ತಾನಾಗಿಯೇ ಆಳಕ್ಕೆ ಇಳಿಯುತ್ತದೆ, ಆಗದವನ ತಟ್ಟೆ ಬಂದಾಗ ಮೇಲೆಯೇ ತೇಲುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಯಾವ ಭಾಷಣಕ್ಕಿಂತಲೂ ಕಷ್ಟ. ಇನ್ನು ಅನ್ನದ ಬುಟ್ಟಿ ಹಿಡಿದವನಿಗೆ ಬೇರೆ ಲೆಕ್ಕ. ಮೊದಲಿಗೇ ಉದಾರಿಯಾದರೆ ಕೊನೇ ಹತ್ತು ಜನರ ಮುಂದೆ ಬುಟ್ಟಿ ಖಾಲಿ. ಇಡೀ ಸಾಲನ್ನು ಒಮ್ಮೆ ಕಣ್ಣಲ್ಲಿ ಅಳೆದು, ಬುಟ್ಟಿಯನ್ನು ಒಮ್ಮೆ ನೋಡಿ, ಮೊದಲನೆಯ ತುತ್ತು ಹಾಕುವಾಗಲೇ ಕೊನೆಯವನನ್ನು ನೆನೆಯಬೇಕು.

‘ಬಡಿಸುವವ ನಮ್ಮವನಾದರೆ ಎಲ್ಲಿ ಕೂತರೇನು’ ಎಂಬ ಗಾದೆ ನಮ್ಮಲ್ಲಿದೆ. ಮದುವೆ ಮನೆಯಿಂದ ಹಿಡಿದು ಸರ್ಕಾರಿ ಕಚೇರಿಯವರೆಗೆ ನಾವು ಅದನ್ನು ನಗುತ್ತಾ ಹೇಳುತ್ತೇವೆ. ನನಗೆ ಆ ಗಾದೆಯಷ್ಟು ಸಿಟ್ಟು ತರಿಸುವ ಮಾತು ಇನ್ನೊಂದಿಲ್ಲ. ಬಡಿಸುವವ ತಮ್ಮವನಲ್ಲದವರು ಎಲ್ಲಿ ಕೂರಬೇಕು? ಶಿಬಿರಗಳು ಇರಬೇಕಾದ್ದು ಆ ಗಾದೆಯನ್ನು ಸುಳ್ಳು ಮಾಡುವ ಹುಡುಗ ಹುಡುಗಿಯರನ್ನು ತಯಾರು ಮಾಡುವುದಕ್ಕೆ.

ಕೊನೆಯವನನ್ನು ನೆನೆಯಬೇಕೆಂಬ ಮಾತು ನಮ್ಮ ಊರಿನವರಿಗೆ ಬೇಗ ಅರ್ಥವಾಗಬೇಕು. ತುಂಗಭದ್ರಾ ಅಣೆಕಟ್ಟೆ ಬಂದದ್ದು 1953ರಲ್ಲಿ. ಅದಕ್ಕೆ ಶತಮಾನಗಳ ಮೊದಲೇ ವಿಜಯನಗರದವರು ಈ ನದಿಗೆ ಒಡ್ಡು ಕಟ್ಟಿ ಕಾಲುವೆ ತೋಡಿದ್ದರು. ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ತುರ್ತು, ರಾಮಸಾಗರ, ಕಂಪ್ಲಿ, ಬೆಳಗೋಡುಹಾಳ್, ಸಿರುಗುಪ್ಪ ಎಂದು ಹೆಸರು ಓದುತ್ತಾ ಹೋದರೆ ಆ ಸಾಲಿನಲ್ಲಿ ದೇಶನೂರು ಕಾಲುವೆಯೂ ಬರುತ್ತದೆ. ಕಾಲುವೆ ನೀರು ಎಂದರೆ ಊಟದ ಪಂಕ್ತಿಯೇ. ಮೇಲಿನವರು ತೂಬು ಎತ್ತಿ ತಮ್ಮ ಗದ್ದೆ ತುಂಬಿಸಿಕೊಂಡರೆ ಕೆಳಗಿನವರ ಭತ್ತ ಒಣಗುತ್ತದೆ. ಕೊನೆಯಂಚಿನ ರೈತರು ನೀರಿಗಾಗಿ ರಸ್ತೆಗಿಳಿಯುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ. ಒಳ್ಳೆಯ ನೀರುಗಂಟಿ ಯಾರು ಎಂದು ಯಾವ ರೈತನನ್ನು ಕೇಳಿದರೂ ಒಂದೇ ಉತ್ತರ: ಕೊನೇ ಮಡಿಗೆ ನೀರು ಮುಟ್ಟಿಸುವವನು.

ವಿಜಯನಗರ ಎಂದೊಡನೆ ಬೆಳಗಾವಿಯ ನೆನಪಾಯಿತು. 1924ರ ಕಾಂಗ್ರೆಸ್ ಅಧಿವೇಶನಕ್ಕೆ ಎಬ್ಬಿಸಿದ ಊರಿಗೆ ವಿಜಯನಗರ ಎಂದೇ ಹೆಸರಿಟ್ಟಿದ್ದರು; ನೀರಿಗೆ ತೋಡಿದ ಬಾವಿ ಪಂಪಾ ಸರೋವರ. ಗಾಂಧೀಜಿ ಅಧ್ಯಕ್ಷರಾದದ್ದು ಆ ಒಂದೇ ಅಧಿವೇಶನಕ್ಕೆ. ಅಲ್ಲಿ ದುಡಿದ ಸ್ವಯಂಸೇವಕರ ಹಿಂದೆ ಇದ್ದವರು ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್. ಅಮೆರಿಕದಲ್ಲಿ ಓದಿ ಬಂದವರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಅವರ ಹುಬ್ಬಳ್ಳಿಯ ಹುಡುಗರು ಜೈಲಿನಲ್ಲಿ ಕ್ಷಮಾಪಣೆ ಬರೆದುಕೊಡದೆ ಗಟ್ಟಿಯಾಗಿ ನಿಂತರು. ಆ ವರ್ಷದ ಕೊನೆಗೆ ಕಾಕಿನಾಡದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಯುವಕರಿಗೆ ಶಿಸ್ತಿನ ತರಬೇತಿ ಕೊಡುವ ಶಿಬಿರಗಳು ನಮ್ಮ ನಾಡಿನಲ್ಲಿ ಬೇರು ಬಿಟ್ಟದ್ದು ಹೀಗೆ. ಹೆಣ್ಣುಮಕ್ಕಳ ದಳವನ್ನು ಕಟ್ಟಿದವರು ಉಮಾಬಾಯಿ ಕುಂದಾಪುರ. ಮನೆಯ ಹೊಸಿಲು ದಾಟದ ಹೆಂಗಸರನ್ನು ಊರೂರು ಸುತ್ತಿ ಒಪ್ಪಿಸಿ, 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಬೆಳಗಾವಿಗೆ ಕರೆತಂದರು. ನಮ್ಮ ಹುಡುಗಿಗೆ ಶಿಬಿರದಲ್ಲಿ ಯಾರಾದರೂ ಉಮಾಬಾಯಿಯವರ ಕತೆ ಹೇಳಲಿ ಎಂದು ಆಸೆ.

ಅದೇ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಮಕ್ಕಳಲ್ಲಿ ಗಂಗೂಬಾಯಿ ಹಾನಗಲ್ ಇದ್ದರು. ಹನ್ನೊಂದು ವರ್ಷದ ಹುಡುಗಿ. ಗಾಂಧೀಜಿಯ ಮುಂದೆ ಹಾಡುವುದಕ್ಕಿಂತ ಹೆಚ್ಚಾಗಿ, ಊಟವಾದ ಮೇಲೆ ಆ ಜಾಗ ಬಳಿಯಲು ತನಗೇ ಹೇಳುತ್ತಾರೇನೋ ಎಂಬ ಅಳುಕು ಅವರನ್ನು ಕಾಡುತ್ತಿತ್ತು ಎಂದು ಮುಂದೆ ನೆನೆದುಕೊಂಡಿದ್ದಾರೆ. ಕೆಳಜಾತಿಯ ಹುಡುಗಿ ಎಂಬ ಅಳುಕು ಅದು. ಊಟದ ಸಾಲಿನಲ್ಲಿ ಯಾರು ಎಲ್ಲಿ ಕೂರಬೇಕು, ಯಾರ ಕೈಯಿಂದ ಬಡಿಸಿಕೊಳ್ಳಬೇಕು, ಯಾರು ಎಂಜಲು ಬಳಿಯಬೇಕು ಎಂಬ ಪ್ರಶ್ನೆಗಳಲ್ಲಿ ನಮ್ಮ ಸಮಾಜದ ಗಾಯವೆಲ್ಲ ಇದೆ. ಬಫೆಯ ಮೇಜು ಆ ಪ್ರಶ್ನೆಯನ್ನು ಮುಚ್ಚಿಡುತ್ತದೆ, ಬಿಡಿಸುವುದಿಲ್ಲ. ಎಲ್ಲ ಕೇರಿಯ ಮಕ್ಕಳೂ ಸರದಿಯಂತೆ ಬಡಿಸಿ, ಸರದಿಯಂತೆ ತೊಳೆದರೆ ಅದು ಬಿಡಿಸಿಕೊಳ್ಳುತ್ತದೆ. ನಮ್ಮ ಶಿಬಿರದಲ್ಲಿ ಮೊದಲ ದಿನ ಬೇರೆ ಕೇರಿಯ ಗೆಳೆಯನೊಬ್ಬ ಬಡಿಸಿದನೆಂದು ಅರ್ಧ ತಟ್ಟೆಯಲ್ಲೇ ಎದ್ದುಹೋದ ಹುಡುಗನೊಬ್ಬ ಕೊನೇ ದಿನ ಅದೇ ಗೆಳೆಯನ ಕೈಯಿಂದ ಎರಡನೇ ಸಲ ಅನ್ನ ಹಾಕಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಯಾರೂ ಉಪನ್ಯಾಸ ಕೊಟ್ಟಿರಲಿಲ್ಲ.

ಹರ್ಡೀಕರ್ ಕರೆದರೆಂದು ಸೇವಾದಳಕ್ಕೆ ಹೋದ ಬೆಂಗಳೂರಿನ ಹುಡುಗ ಎಸ್.ಎನ್. ಸುಬ್ಬರಾವ್. ಖಾದಿ ಚಡ್ಡಿ ತೊಟ್ಟ ಆ ಮನುಷ್ಯ ಹಾಡು ಹೇಳಿಸುತ್ತಾ, ಗುದ್ದಲಿ ಹಿಡಿಸುತ್ತಾ ದೇಶದ ತುಂಬ ಯುವಕರ ಶಿಬಿರ ನಡೆಸಿದರು. ಚಂಬಲ್ ಕಣಿವೆಯ ಜೌರಾದಲ್ಲಿ ಆಶ್ರಮ ಕಟ್ಟಿದರು; 1972ರ ಏಪ್ರಿಲ್‌ನಲ್ಲಿ ಜಯಪ್ರಕಾಶ ನಾರಾಯಣರ ಎದುರು ಡಕಾಯಿತರು ಬಂದೂಕು ಇಳಿಸಿದ್ದು ಆ ಆಶ್ರಮದಲ್ಲೇ. 2021ರಲ್ಲಿ ಸುಬ್ಬರಾವ್ ತೀರಿಕೊಂಡಾಗ ನಮ್ಮ ಪತ್ರಿಕೆಗಳು ಇನ್ನೂ ದೊಡ್ಡದಾಗಿ ಬರೆಯಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಕನ್ನಡದ ಮಕ್ಕಳಿಗೆ ಅವರ ಹೆಸರೇ ಗೊತ್ತಿಲ್ಲ.

ನಾನು ಹೋದ ಶಿಬಿರದ ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಶುರುವಾದದ್ದು ಗಾಂಧಿ ಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಆಗ ಕೇಂದ್ರದ ಶಿಕ್ಷಣ ಮಂತ್ರಿಯಾಗಿದ್ದವರು ಮುಂದೆ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದ ವಿ.ಕೆ.ಆರ್.ವಿ. ರಾವ್. ಎರಡು ವರ್ಷಕ್ಕೆ 240 ಗಂಟೆ ಸೇವೆ, ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಅದರ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಶಿಬಿರದ ಬ್ಯಾನರಿನ ಮೇಲೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಸುತ್ತಾರೆ. ಬಕೆಟ್ಟು ಹಿಡಿದು, ಹೊಟ್ಟೆ ಚುರುಗುಟ್ಟುವಾಗ ಇನ್ನೊಬ್ಬರ ತಟ್ಟೆಗೆ ಬಗ್ಗಿದವನಿಗೆ ಆ ಬ್ಯಾನರು ಬೇಕಾಗುವುದಿಲ್ಲ.

ಶಿಬಿರ ನಡೆಸುವ ಮೇಷ್ಟ್ರುಗಳ ಕಷ್ಟ ನನಗೆ ಗೊತ್ತು. ಕೊಡುವ ದುಡ್ಡು ಕಡಿಮೆ, ಹೊಣೆ ದೊಡ್ಡದು, ಅಡುಗೆಯಲ್ಲಿ ಹೆಚ್ಚುಕಡಿಮೆಯಾದರೆ ಮನೆಯವರಿಗೆಲ್ಲ ಉತ್ತರ ಕೊಡಬೇಕು. ಅಡುಗೆ ಬೇಕಾದರೆ ಬಲ್ಲವರೇ ಮಾಡಲಿ. ಬಡಿಸುವುದನ್ನು ಮಾತ್ರ ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಡಿ. ಮೇಜು ಸರಿಸಿ, ಚಾಪೆ ಹಾಸಿ, ಸಾಲಾಗಿ ಕೂರಿಸಿ. ದಿನಕ್ಕೊಂದು ತಂಡ ಬಡಿಸಲಿ, ಬಡಿಸಿದವರು ಎಲ್ಲರದೂ ಆದ ಮೇಲೆ ಉಣ್ಣಲಿ, ನೀವೂ ಅವರ ಜೊತೆಗೇ ಕೂತು ಉಣ್ಣಿ.