ಸೂರಿನ ಮಳೆ, ತೊಟ್ಟಿಯ ಬಿಸಿನೀರು

ಬಸವೇಶ್ವರನಗರ, ಬೆಂಗಳೂರು



ನಿಮ್ಮ ಕಾಗದ ತಲುಪಿತು. ಕೆಂಗೇರಿ ಉಪನಗರದ ಮನೆಯ ತಾರಸಿಯ ಮೇಲೆ ಒಂದು ಹಾಟ್ ಟಬ್ ಇಡಿಸುವ ಆಸೆ ಇದೆ, ಮಕ್ಕಳು ದಿನಾ ಕೇಳುತ್ತಾರೆ, ನಿಮ್ಮ ತಾಯಿಯವರ ಮಂಡಿನೋವಿಗೂ ಆದೀತು ಎಂದಿದ್ದೀರಿ. ನಿಮ್ಮ ಯಜಮಾನರು ಮಾತ್ರ "ನೀರಿಗೆ ಪರದಾಡೋ ಊರಲ್ಲಿ ಇದೆಲ್ಲ ಬೇಕಾ?" ಅನ್ನುತ್ತಾರಂತೆ. ನಮ್ಮ ಮನೆಯ ಹಿತ್ತಲಲ್ಲಿ ಅಂಥದ್ದೊಂದು ಇರುವುದರಿಂದ ನನ್ನನ್ನು ಕೇಳಿದ್ದೀರಿ.

ಯಜಮಾನರು ಕೇಳಿರುವುದು ಸರಿಯಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರ ಇಷ್ಟು: ಖಂಡಿತ ತನ್ನಿ. ಆದರೆ ತೊಟ್ಟಿಗೆ ತುಂಬುವ ನೀರು ನಿಮ್ಮ ಸೂರಿನ ಮೇಲೆ ಬಿದ್ದ ಮಳೆಯದಾಗಿರಲಿ, ಕಾವು ಆದಷ್ಟೂ ನಿಮ್ಮ ಸೂರಿನ ಮೇಲೆ ಬಿದ್ದ ಬಿಸಿಲಿನದಾಗಿರಲಿ. ಇವೆರಡೂ ಒದಗಿದರೆ ಯಾರಿಗೂ ಸಂಕೋಚಪಡಬೇಕಿಲ್ಲ. ಒದಗದಿದ್ದರೆ ಒದಗುವವರೆಗೆ ಕಾಯಿರಿ.

ಬಿಸಿನೀರಿನ ಸುಖ ನಮಗೆ ಹೊರಗಿನಿಂದ ಬಂದದ್ದಲ್ಲ. ಬಚ್ಚಲ ಒಲೆಯ ಮೇಲೆ ಕೂತ ತಾಮ್ರದ ಹಂಡೆ, ಕೆಳಗೆ ತೆಂಗಿನ ಗರಿ, ಸೌದೆಯ ಉರಿ ನಮ್ಮ ಹಿರಿಯರ ಮನೆಗಳಲ್ಲೆಲ್ಲ ಇದ್ದವು. ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹೂವು ಕಟ್ಟಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಿದ್ದರು. ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆನೀರು. ಅಲ್ಲಿ ಮೊದಲ ಮರ್ಯಾದೆ ನೀರಿಗೆ, ಆಮೇಲೆ ಮೈಗೆ. ಟಬ್ ತಂದವರು ಉಳಿಸಿಕೊಳ್ಳಬೇಕಾದದ್ದು ಈ ಕ್ರಮವನ್ನೇ. ನಮ್ಮ ಮನೆಯಲ್ಲಿ ಈಗ ಅದೇ ಹಬ್ಬದ ದಿನ ಟಬ್ ಬರಿದು ಮಾಡಿ, ತೊಳೆದು, ಹಸ್ತ ಚಿತ್ತೆ ಮಳೆಗಳಲ್ಲಿ ಕೂಡಿಟ್ಟ ನೀರು ತುಂಬುತ್ತೇವೆ. ಚಳಿಗಾಲಕ್ಕೆ ಅಲ್ಲಿಂದ ಶುರು.

ಟಬ್ಬನ್ನು ಬರೀ ಶೋಕಿ ಅನ್ನುವವರಿಗೆ ಅದು ಹುಟ್ಟಿದ ಕಥೆ ಹೇಳಬೇಕು ಅನಿಸುತ್ತದೆ. ಇಟಲಿಯಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಜಕೂಜಿ ಸಹೋದರರು ಬಾವಿಯಿಂದ ನೀರೆತ್ತುವ ಜೆಟ್ ಪಂಪ್‌ಗಳನ್ನು ಮಾಡುತ್ತಿದ್ದವರು. ಆ ಮನೆಯ ಕೆನೆತ್ ಎಂಬ ಹುಡುಗನಿಗೆ ಎಳವೆಯಲ್ಲೇ ಕೀಲುವಾತ ಬಂತು. ಆಸ್ಪತ್ರೆಯಲ್ಲಿ ಸಿಗುವ ನೀರಿನ ಚಿಕಿತ್ಸೆ ಮನೆಯಲ್ಲೂ ಸಿಗಲಿ ಎಂದು ಅವನ ತಂದೆ ಕ್ಯಾಂಡಿಡೋ ಜಕೂಜಿ, ಸ್ನಾನದ ತೊಟ್ಟಿಯೊಳಗೆ ಇಳಿಬಿಡಬಹುದಾದ ಪಂಪ್ ಒಂದನ್ನು 1940ರ ದಶಕದ ಕೊನೆಗೆ ರೂಪಿಸಿದರು. 1968ರಲ್ಲಿ ಅದೇ ಕುಟುಂಬದ ರಾಯ್ ಜಕೂಜಿ ಜೆಟ್‌ಗಳನ್ನು ತೊಟ್ಟಿಯ ಗೋಡೆಯಲ್ಲೇ ಕೂರಿಸಿದರು. ನೋಯುವ ಕೀಲಿಗೆ ಆರಾಮ ಕೊಡಬೇಕೆಂಬ ಅಪ್ಪನ ಹಂಬಲದಿಂದ ಶುರುವಾದದ್ದು ಇದು. ಐಷಾರಾಮದ ಹೆಸರು ಆಮೇಲೆ ಅಂಟಿಕೊಂಡಿತು.

ಈಗ ನಿಮ್ಮ ತಾರಸಿಯ ವಿಷಯ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ನಾಲ್ಕು ಜನ ಕೂರುವ ಟಬ್ಬಿಗೆ ಸುಮಾರು 1,000 ಲೀಟರ್ ಬೇಕು, ಅಂದರೆ ಒಂದು ಟನ್ ನೀರು. ಅದರ ಮೇಲೆ ಟಬ್ಬಿನ ಭಾರ, ಕೂತವರ ಭಾರ. ಜನ ಓಡಾಡುವ ತಾರಸಿಗೆ ಐಎಸ್ 875 ಮಾನದಂಡ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 150 ಕಿಲೋ. ಎರಡೂಕಾಲು ಅಡಿ ಆಳದ ನೀರು ಅಷ್ಟೇ ಜಾಗದ ಮೇಲೆ ಹತ್ತಿರ ಹತ್ತಿರ 700 ಕಿಲೋ ಕೂರಿಸುತ್ತದೆ. "ಮೇಲೆ ಸಾವಿರ ಲೀಟರ್ ಸಿಂಟೆಕ್ಸ್ ಇದೆಯಲ್ಲ, ಅದಕ್ಕೇನಾಗಿದೆ?" ಎಂದು ಕೇಳುವವರು ಇದ್ದಾರೆ. ಟ್ಯಾಂಕನ್ನು ಮೇಸ್ತ್ರಿಗಳು ಗೋಡೆ, ಬೀಮ್ ಬರುವ ಜಾಗ ನೋಡಿ ಕಟ್ಟೆಯ ಮೇಲೆ ಇಟ್ಟಿರುತ್ತಾರೆ. ಟಬ್ ಇಡಲು ನಮಗೆ ಆಸೆ ಹುಟ್ಟುವುದು ಬೆಟ್ಟ ಕಾಣುವ ನಟ್ಟನಡುವಿನ ಜಾಗದಲ್ಲಿ, ಅಲ್ಲಿ ಕೆಳಗೆ ಬರೀ ಮೋಲ್ಡ್ ಇರುತ್ತದೆ. ಆದ್ದರಿಂದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಮನೆಯ ಡ್ರಾಯಿಂಗ್ ನೋಡಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡುವ ತನಕ ಮುಂಗಡ ಕೊಡಬೇಡಿ. ನಾವು ಹಿತ್ತಲಲ್ಲಿ ನೆಲದ ಮೇಲೆ ಕಾಂಕ್ರೀಟ್ ಹಾಸು ಹಾಕಿಸಿ ಇಟ್ಟಿದ್ದೇವೆ. ಅಲ್ಲಿಂದ ಬೆಟ್ಟ ಕಾಣುವುದಿಲ್ಲ, ಆದರೆ ರಾತ್ರಿ ನೆಮ್ಮದಿಯ ನಿದ್ದೆ ಬರುತ್ತದೆ.

ಕೊಳ್ಳುವಾಗ ಅಕ್ರಿಲಿಕ್ ಟಬ್ಬೇ ಆಗಬೇಕೆಂದಿಲ್ಲ. ಗಾಳಿ ತುಂಬುವ ಟಬ್‌ಗಳೂ ಬರುತ್ತವೆ. ಬೆಲೆ ಕಡಿಮೆ, ಮಡಚಿ ಎತ್ತಿಡಬಹುದು, ಆದರೆ ಬಾಳಿಕೆ ಅಷ್ಟಿಲ್ಲ. ಅಕ್ರಿಲಿಕ್ ಆದರೆ ಅದು ಗೇಟಿನೊಳಗೆ ಹೋಗುತ್ತದೆಯೇ, ನಿಮ್ಮ ಕ್ರಾಸ್ ರಸ್ತೆಗೆ ಕ್ರೇನ್ ಬರುತ್ತದೆಯೇ, ಮೇಲೆ ಕರೆಂಟ್ ತಂತಿ ಅಡ್ಡ ಇದೆಯೇ ಎಂದು ಟೇಪ್ ಹಿಡಿದು ಅಳೆದು ನೋಡಿ. ಯಾವುದೇ ಆಗಲಿ, ಜೆಟ್ ಎಷ್ಟಿವೆ ಎಂದು ಎಣಿಸುವುದಕ್ಕಿಂತ ಮುಚ್ಚಳ ಎಷ್ಟು ದಪ್ಪ, ಫಿಲ್ಟರ್ ಇಲ್ಲೇ ಸಿಗುತ್ತದೆಯೇ, ರಿಪೇರಿಗೆ ಯಾರು ಬರುತ್ತಾರೆ ಎಂದು ಕೇಳಿ. ವಿದ್ಯುತ್ತಿನ ಕೆಲಸ ಲೈಸೆನ್ಸ್ ಇರುವವರಿಂದಲೇ ಆಗಲಿ: ಪ್ರತ್ಯೇಕ ಲೈನ್, ಸರಿಯಾದ ಅರ್ತಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ. ನೀರಿನಲ್ಲಿ ಕೂತವರ ಜೀವದ ಪ್ರಶ್ನೆ ಇದು, ಇಲ್ಲಿ ಉಳಿತಾಯ ಬೇಡ. ಮನೆ ಮನೆ ಅಂಟಿಕೊಂಡಿರುವ ನಮ್ಮ ಬಡಾವಣೆಗಳಲ್ಲಿ ಪಂಪಿನ ಗುಂಯ್ ಸದ್ದು ಪಕ್ಕದ ಮನೆಯ ಮಲಗುವ ಕೋಣೆಗೆ ನೇರ ಹೋಗುತ್ತದೆ. ಅದನ್ನು ಎಲ್ಲಿ ಕೂರಿಸುತ್ತೀರಿ ಎಂದು ಮೊದಲೇ ಅವರೊಡನೆ ಮಾತಾಡಿಬಿಡಿ.

ಇನ್ನು ನೀರು. ಕಾವೇರಿ ನೀರು ನಮ್ಮ ನಲ್ಲಿಗೆ ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯಲ್ಲಿ ಮೂರು ಸಲ ಪಂಪ್ ಮಾಡಿ ಮೇಲೆತ್ತಿದ ಮೇಲೆ ಅದು ನಮ್ಮ ಸಂಪಿಗೆ ಬೀಳುತ್ತದೆ. 2024ರ ಬೇಸಿಗೆಯಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು, ಈಜುಕೊಳಗಳಿಗೂ ಆ ನೀರು ಬೇಡವೆಂದಿತು. ಅಷ್ಟು ದೂರದಿಂದ, ಅಷ್ಟು ಕಷ್ಟದಿಂದ ಬರುವ ನೀರಿನಲ್ಲಿ ಮೈ ಕಾಯಿಸಿಕೊಳ್ಳಲು ನನಗಂತೂ ಮನಸ್ಸು ಒಪ್ಪದು. ಬೋರ್‌ವೆಲ್ ನೀರು ಗಡಸು. ಹೀಟರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟಿ ಅದನ್ನು ಹಾಳುಮಾಡುತ್ತದೆ. ಉಳಿದದ್ದು ಮಳೆ.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆ. ಸಾವಿರ ಚದರಡಿಯ ತಾರಸಿಯ ಮೇಲೆ ಅದು 90,000 ಲೀಟರ್ ಆಗುತ್ತದೆ. ಒಂದು ಇಂಚಿನ ಒಂದೇ ಮಳೆ ಎರಡು ಸಾವಿರ ಲೀಟರಿಗೂ ಹೆಚ್ಚು ಸುರಿಯುತ್ತದೆ. ಮೂರು ತಿಂಗಳಿಗೊಮ್ಮೆ ನೀರು ಬದಲಾಯಿಸಿದರೂ ಟಬ್ಬಿಗೆ ವರ್ಷಕ್ಕೆ ಬೇಕಾದದ್ದು 4,000 ಲೀಟರ್. ನಿಮ್ಮ ಯಜಮಾನರಿಗೆ ಈ ಅಂಕಿಗಳನ್ನು ತೋರಿಸಿ.

ಇದು ಕಾಗದದ ಲೆಕ್ಕವಷ್ಟೇ ಅಲ್ಲ. ನಮ್ಮ ಪಕ್ಕದ ವಿಜಯನಗರದಲ್ಲೇ ಎ. ಆರ್. ಶಿವಕುಮಾರ್ ಅವರ 'ಸೌರಭ' ಎಂಬ ಮನೆ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಅವರು 1990ರ ದಶಕದಲ್ಲಿ ಆ ಮನೆ ಕಟ್ಟಿ, ಕಾವೇರಿ ಸಂಪರ್ಕವನ್ನೇ ತೆಗೆದುಕೊಳ್ಳದೆ ಮಳೆನೀರಿನಲ್ಲೇ ಸಂಸಾರ ನಡೆಸಿ ತೋರಿಸಿದರು. ಸೂರಿನಿಂದ ಇಳಿಯುವ ಪೈಪಿಗೆ ಕೂರಿಸುವ 'ಪಾಪ್-ಅಪ್ ಫಿಲ್ಟರ್' ಅವರದೇ ರೂಪಣೆ. ಇಡೀ ಸಂಸಾರಕ್ಕೆ ಸಾಕಾದ ಮಳೆ ಒಂದು ಟಬ್ಬಿಗೆ ಸಾಕಾಗದೇ? ಕೆಲಸ ಶುರುಮಾಡುವ ಮೊದಲು ಜಯನಗರದಲ್ಲಿರುವ ಜಲಮಂಡಳಿಯ ಮಳೆಕೊಯ್ಲು ಉದ್ಯಾನಕ್ಕೂ ಹೋಗಿಬನ್ನಿ. ಮಾದರಿಗಳನ್ನು ಕಣ್ಣಾರೆ ನೋಡಿದರೆ ಪ್ಲಂಬರ್‌ಗೆ ವಿವರಿಸುವುದು ಸುಲಭ. ತಾರಸಿ ಗುಡಿಸಿ ಪಾರಿವಾಳದ ಹಿಕ್ಕೆ ತೆಗೆದಿಡಿ, ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟುಬಿಡಿ, ಆಮೇಲಿನದ್ದನ್ನು ಸಂಪಿಗೆ ಇಳಿಸಿ.

ಕಾವಿನ ಲೆಕ್ಕವೂ ಹೀಗೇ ಸರಳ. 23 ಡಿಗ್ರಿಯ ಸಾವಿರ ಲೀಟರ್ ನೀರನ್ನು 39 ಡಿಗ್ರಿಗೆ ಏರಿಸಲು ಸುಮಾರು 19 ಯೂನಿಟ್ ಕರೆಂಟ್ ಬೇಕು. 2 ಕಿಲೋವ್ಯಾಟ್ ಹೀಟರ್ ಗಂಟೆಗೆ ಒಂದೂವರೆ ಡಿಗ್ರಿ ಏರಿಸುತ್ತದೆ, ಆದ್ದರಿಂದ ಸಂಜೆಯ ಸ್ನಾನಕ್ಕೆ ಬೆಳಿಗ್ಗೆಯೇ ಹಾಕಬೇಕು. ಆದರೆ ನಿಮ್ಮ ತಾರಸಿಯ ಸೋಲಾರ್‌ನಲ್ಲಿ 60 ಡಿಗ್ರಿಯ 200 ಲೀಟರ್ ನೀರಿದ್ದು, ತುಂಬುವಾಗಲೇ ಅದನ್ನು ಸೇರಿಸಿದರೆ ಕರೆಂಟಿನ ಖರ್ಚು 10 ಯೂನಿಟ್‌ಗೆ ಇಳಿಯುತ್ತದೆ. ಆಮೇಲೆ ಆ ಕಾವು ಕಾಯುವುದು ಮುಚ್ಚಳದ ಕೆಲಸ. ಟಬ್ಬಿನ ಕಾವು ಹೆಚ್ಚಾಗಿ ಹೋಗುವುದು ಮೇಲಿನಿಂದ, ಹಬೆಯಾಗಿ.

ಇದರ ಜೊತೆ ಬಾಳುವುದೆಂದರೆ ನೀರನ್ನು ದಿನಾ ವಿಚಾರಿಸಿಕೊಳ್ಳುವುದು. ನಾನು ಬೆಳಿಗ್ಗೆ ಕಾಫಿ ಆದ ಮೇಲೆ ಮುಚ್ಚಳ ಸರಿಸಿ ಪರೀಕ್ಷೆಯ ಕಾಗದದ ಪಟ್ಟಿಯೊಂದನ್ನು ನೀರಿಗೆ ಅದ್ದುತ್ತೇನೆ. ಪಟ್ಟಿಯ ಮೇಲಿನ ಪುಟ್ಟ ಚೌಕಗಳು ಒಂದೊಂದಾಗಿ ಬಣ್ಣ ತಿರುಗುತ್ತವೆ. ಡಬ್ಬಿಯ ಮೇಲಿನ ಬಣ್ಣಗಳ ಪಕ್ಕ ಹಿಡಿದು ಓದುತ್ತೇನೆ. ಕ್ಲೋರಿನ್ 3 ಪಿಪಿಎಂಗಿಂತ ಕಡಿಮೆ ಆಗಬಾರದು, ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಮಳೆನೀರು ತೀರಾ ಮೆದು, ಅದರ ಪಿಎಚ್ ಬೇಗ ಕೆಳಗೆ ಜಾರುತ್ತದೆ. ಅಡುಗೆ ಸೋಡಾ ಸ್ವಲ್ಪ ಕದಡಿದರೆ ಸ್ಥಿರವಾಗುತ್ತದೆ. ಇಷ್ಟು ಮಾಡಲೇಬೇಕು, ಯಾಕೆಂದರೆ ಬೆಚ್ಚಗಿನ ನೀರು ರೋಗಾಣುಗಳಿಗೂ ಹಿತ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಅಂಥ ನೀರಿನಲ್ಲಿ ಬೆಳೆದು, ತುಂತುರಿನ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಮುಚ್ಚಳವನ್ನು ಅಂಚು ಕೂರುವಂತೆ ಬಿಗಿದು ಬೀಗ ಹಾಕಿ. ಡೆಂಗಿ ಸೊಳ್ಳೆಗೆ ನಿಂತ ನೀರು ಬೇಕು, ಚಿಕ್ಕ ಮಕ್ಕಳಿಗೆ ನೀರು ಕಂಡರೆ ಇಣುಕುವ ಆಸೆ.

ಎಣ್ಣೆ ಹಚ್ಚಿಕೊಂಡು ಟಬ್ಬಿಗೆ ಇಳಿಯಲೇಬೇಡಿ. ಹರಳೆಣ್ಣೆ, ಸೀಗೆಪುಡಿ ಎಲ್ಲ ಬಚ್ಚಲಲ್ಲೇ ತೊಳೆದುಹೋಗಲಿ. ಟಬ್ಬಿಗೆ ಬಂದರೆ ನೀರು ಕದಡಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮೊದಲು ಸ್ನಾನ, ಆಮೇಲೆ ಟಬ್. ನೀರು 40 ಡಿಗ್ರಿ ದಾಟಬಾರದು. ದೊಡ್ಡವರಿಗೆ ಒಂದು ಸಲಕ್ಕೆ ಹದಿನೈದು ನಿಮಿಷ ಸಾಕು. ಬಸುರಿಯರು, ತೀರಾ ಎಳೆಯ ಮಕ್ಕಳು ಇಳಿಯಬಾರದು. ನಿಮ್ಮ ತಾಯಿಯವರಿಗೆ ಬಿಪಿ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳದೆ ಇಳಿಸಬೇಡಿ. ಎರಡು ಮೆಟ್ಟಿಲು, ಗಟ್ಟಿಯಾದ ಹಿಡಿಕೆ, ಜಾರದ ಹಾಸು, ಇಷ್ಟನ್ನು ಟಬ್ಬಿನ ಜೊತೆಗೇ ಮಾಡಿಸಿ.

ಇಷ್ಟೆಲ್ಲ ಪಾಡು ಏತಕ್ಕೆ ಎಂದು ನೀವು ಕೇಳಬಹುದು. ನಮ್ಮತ್ತೆಯವರನ್ನು ನೋಡಿದರೆ ಉತ್ತರ ಸಿಗುತ್ತದೆ. ಜನವರಿಯ ಸಂಜೆ ಹತ್ತಿ ಸೀರೆಯುಟ್ಟು, ಹಿಡಿಕೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಕೂರುತ್ತಾರೆ. ಮೊದಲು "ಅಯ್ಯೋ ಶಿವನೇ" ಅನ್ನುತ್ತಾರೆ. ಆಮೇಲೆ ನೀರಿನೊಳಗೆ ಮಂಡಿಯನ್ನು ನಿಧಾನಕ್ಕೆ ಮಡಚಿ, ಚಾಚಿ, ಮಡಚಿ ನೋಡುತ್ತಾರೆ. ಮೈಭಾರವನ್ನು ನೀರು ಹೊತ್ತುಕೊಂಡಿರುವುದರಿಂದ ನೆಲದ ಮೇಲೆ ಆಗದ್ದು ಅಲ್ಲಿ ಆಗುತ್ತದೆ. ನೋವು ವಾಸಿಯಾಯಿತು ಎನ್ನಲಾರೆ. ಅಷ್ಟು ಹೊತ್ತು ಅವರ ಮುಖ ಸಡಿಲವಾಗುತ್ತದೆ, ಹಳೆಯ ಮಾತುಗಳು ಹೊರಬರುತ್ತವೆ. ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಕೇಳುತ್ತಾರೆ, ಫೋನ್ ಒಳಗೇ ಉಳಿದಿರುತ್ತದೆ. ಮನೆಯವರೆಲ್ಲ ಒಟ್ಟಿಗೆ ಬೇರೇನೂ ಮಾಡದೆ ಕೂರುವುದು ದಿನದಲ್ಲಿ ಅದೊಂದೇ ಹೊತ್ತು.

ನೀರು ಬದಲಿಸುವಾಗ ಒಂದು ಮಾತು ನೆನಪಿರಲಿ. ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಮುಚ್ಚಳ ತೆಗೆದು ಎರಡು ದಿನ ಬಿಸಿಲಿಗೆ ಬಿಟ್ಟು, ಪಟ್ಟಿಯಲ್ಲಿ ಕ್ಲೋರಿನ್ ಇಲ್ಲವೆಂದು ಖಚಿತವಾದ ಮೇಲೆ ಅಂಗಳ, ಗಾಡಿ ತೊಳೆಯಲು, ತೆಂಗಿನ ಬುಡಕ್ಕೆ ಬಳಸಿ. ಉಳಿದದ್ದು ಒಳಚರಂಡಿಗೆ ಹೋಗಲಿ. ರಾಜಕಾಲುವೆಗೆ ಬಿಡಬೇಡಿ. ನಮ್ಮ ಕಡೆಯ ಕಾಲುವೆಗೆ ಬಿಟ್ಟದ್ದೆಲ್ಲ ವೃಷಭಾವತಿಗೆ ಸೇರಿ ನಿಮ್ಮ ಕೆಂಗೇರಿಯ ಪಕ್ಕದಲ್ಲೇ ಹರಿಯುತ್ತದೆ. ಆ ಹೊಳೆ ಈಗಾಗಲೇ ಬೇಕಾದಷ್ಟು ಅನುಭವಿಸಿದೆ.

ಆದ್ದರಿಂದ ಹೀಗೆ ಮಾಡಿ. ಈ ಮುಂಗಾರಿಗೆ ಮಳೆಕೊಯ್ಲು ಮಾಡಿಸಿ, ಸೋಲಾರ್ ಸರಿಯಾಗಿದೆಯೇ ನೋಡಿ, ಎಂಜಿನಿಯರ್ ಕರೆಸಿ ತಾರಸಿ ತೋರಿಸಿ. ಹಿಂಗಾರು ಮುಗಿಯುವ ಹೊತ್ತಿಗೆ ಸಂಪಿನಲ್ಲಿ ನಿಮ್ಮದೇ ನೀರು ನಿಂತಿದ್ದರೆ ಟಬ್ ತರಿಸಿ. ಅಲ್ಲಿಯವರೆಗೆ ಯಾವುದಾದರೂ ಭಾನುವಾರ ಯಜಮಾನರು, ಮಕ್ಕಳು, ತಾಯಿಯವರ ಜೊತೆ ನಮ್ಮ ಮನೆಗೆ ಬನ್ನಿ; ಟವಲ್, ಬದಲಿ ಬಟ್ಟೆ ತನ್ನಿ, ಊಟ ಇಲ್ಲೇ ಮಾಡೋಣ. ತಾಯಿಯವರು ಇಳಿದು ಕೂತು ನೋಡಲಿ. ಅವರಿಗೆ ಹಿತವೆನಿಸಿದರೆ ತರಿಸಿ, ಇಲ್ಲವಾದರೂ ಸಂಪಿನಲ್ಲಿ ಮಳೆನೀರು ಇದ್ದೇ ಇರುತ್ತದೆ. ಯಾವ ದಿಕ್ಕಿಗೆ ತೀರ್ಮಾನವಾದರೂ ನಿಮಗೆ ನಷ್ಟವಿಲ್ಲ.

ಮನೆಯವರೆಲ್ಲರಿಗೂ ನನ್ನ ನೆನಪು ಹೇಳಿ. ಬರುವ ಹಿಂದಿನ ದಿನ ತಿಳಿಸಿದರೆ ಬೆಳಿಗ್ಗೆಯೇ ನೀರು ಕಾಯಲು ಹಾಕಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಬಸವೇಶ್ವರನಗರದ ಗೆಳತಿ